ಎಪ್ಪತ್ತೊಂದರ ಪಕ್ಕದ ಕೆಂಪು ಗುರುತು

ಎಪ್ಪತ್ತೊಂದು ಎಂಬ ಅಂಕಿ ಪರದೆಯ ಮೇಲೆ ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಬಂದದ್ದೇ ತಡ, ಕಂಪ್ಯೂಟರು ಪಕ್ಕದಲ್ಲೊಂದು ಕೆಂಪು ಗುರುತು ಹಾಕಿ ಅದನ್ನು ಮೂಲೆಗೆ ತಳ್ಳಿತು. ಒಂದೇ ಗಂಟೆಯಲ್ಲಿ ಎಪ್ಪತ್ತೊಂದು ಮಿಲಿಮೀಟರ್ ಮಳೆ ಹೈಡಾಲ್ ಕಣಿವೆಯ ಅರವತ್ತು ವರ್ಷದ ದಾಖಲೆಯಲ್ಲಿ ಎಲ್ಲೂ ಇಲ್ಲ. ಇಲ್ಲದ್ದು ಸುಳ್ಳೇ ಇರಬೇಕು ಎಂಬುದು ಅದರ ವಾದ. ಪಾಪ, ಅದಕ್ಕೆ ಕಲಿಸಿದ್ದೇ ಹಳೆಯ ಕಾಲದ ಆಕಾಶವನ್ನು.

ಪಶ್ಚಿಮ ನಾರ್ವೆಯ ಆ ಹವಾಮಾನ ಕಚೇರಿಯಲ್ಲಿ ಅಂದು ಮುನ್ಸೂಚನೆಯ ಪಾಳಿ ರಾಗ್ನಿಯದು. ಅಂಕಿ ಕಳಿಸಿದವಳು ಗುನ್‌ವೋರ್, ಕಣಿವೆಯ ತಲೆಯಲ್ಲಿ ಕುರಿ ಸಾಕಿಕೊಂಡು ಮೂವತ್ತೊಂದು ವರ್ಷದಿಂದ ಮಳೆ ಅಳೆಯುತ್ತಿರುವ ಮುದುಕಿ. ಮೇ ತಿಂಗಳಲ್ಲಿ ಇವಳೇ ಐವತ್ತು ಎಂದು ಕಳಿಸಿದ್ದಳು. ರಾಗ್ನಿ ನಂಬಿ ಎಚ್ಚರಿಕೆ ಕೊಟ್ಟು, ಕಣಿವೆಯ ಕೆಳಗೆ ಹೊಳೆದಂಡೆಯಲ್ಲಿ ಡೇರೆ ಹಾಕುವ ಮೈದಾನವನ್ನು ಖಾಲಿ ಮಾಡಿಸಿದಳು. ನಿಜಕ್ಕೂ ಬಿದ್ದದ್ದು ನಾಲ್ಕು ಹನಿ. ಉಳಿದದ್ದು ಮೊಮ್ಮಕ್ಕಳು ತೋಟದ ಪೈಪು ಹಿಡಿದು ಮಳೆಮಾಪಕಕ್ಕೆ ತುಂಬಿಸಿದ ನೀರು. ಊರೆಲ್ಲ ನಕ್ಕಿತು. ರಾಗ್ನಿ ಆ ಸಿಟ್ಟನ್ನು ಮುದುಕಿಯ ಮೇಲೆ ತೀರಿಸಿಕೊಂಡಿದ್ದಳು.

ಈಗ ಅದೇ ಮೈದಾನದಲ್ಲಿ ಅರವತ್ತು ಜನ ಜುಲೈ ರಜೆ ಕಳೆಯುತ್ತಿದ್ದರು. ರಾಡಾರಿಗೆ ಆ ಕಣಿವೆ ಬೆಟ್ಟದ ಮರೆ. ಕಂಪ್ಯೂಟರಿನ ಮುನ್ಸೂಚನೆಯಲ್ಲಿದ್ದದ್ದು ಬರೀ ಹನ್ನೆರಡು. ಇನ್ನೊಮ್ಮೆ ಸುಳ್ಳು ಎಚ್ಚರಿಕೆ ಕೊಟ್ಟರೆ ಮುಂದೆ ಯಾರೂ ಕದಲುವುದಿಲ್ಲ. ಕೊಡದೆ, ಇದು ನಿಜವಾಗಿದ್ದರೆ? ರಾಗ್ನಿಗೆ ಭಯವಾಯಿತು. ಮುದುಕಿಗೆ ಫೋನ್ ಮಾಡಿದಳು.

ಮೊಮ್ಮಕ್ಕಳು ಬಂದಿದ್ದಾರೆಯೇ ಎಂದು ಸುತ್ತಿ ಬಳಸಿ ಕೇಳಿದಳು. ಇಲ್ಲವಂತೆ. ಎಂಟಕ್ಕೆ ಎಂದಿನಂತೆ ಅಳೆದು ಚೆಲ್ಲಿದ್ದಳಂತೆ, ಒಂಬತ್ತಕ್ಕೆ ನೋಡಿದರೆ ಇಷ್ಟು. ಹೊಳೆ ಕೆಸರಾಗಿ ಉಕ್ಕಿ ಕುರಿಬೇಲಿಯೇ ಕಾಣದಂತಾಗಿದೆಯಂತೆ.

"ಒಂಬತ್ತಕ್ಕಾ? ನೀವು ಕಳಿಸಿದ್ದು ಹತ್ತಕ್ಕಲ್ವಾ?"

"ಹೂಂ. ಗ್ಯಾರಂಟಿ ಇಲ್ದೆ ಅಂಕಿ ಕಳಿಸ್ಬೇಡಿ ಅಂತ ನೀನೇ ಅಂದಿದ್ಯಲ್ಲಮ್ಮ. ಅದಕ್ಕೇ ಅಡುಗೆಮನೆ ಅಳತೆ ಲೋಟದಲ್ಲೂ ಅಳೆದೆ, ತೂಕಾನೂ ಹಾಕಿದೆ. ಆಮೇಲೆ ಪಕ್ಕದ ಮನೆಯವ್ರನ್ನ ಕರೆದು ತೋರಿಸ್ದೆ."

ರಾಗ್ನಿ ಗಡಿಯಾರ ನೋಡಿದಳು. ಅಲ್ಲಿಂದ ಮೈದಾನಕ್ಕೆ ನೀರು ಇಳಿಯಲು ಬೇಕಾದದ್ದು ಒಂದೂವರೆ ಗಂಟೆ. ಅದರಲ್ಲಿ ಒಂದು ಗಂಟೆಯನ್ನು ಮೇ ತಿಂಗಳ ತನ್ನ ಬೈಗುಳವೇ ತಿಂದುಹಾಕಿತ್ತು. ಕೆಂಪು ಎಚ್ಚರಿಕೆ ಹೊರಡಿಸಿ, ಮೈದಾನದ ಮಾಲೀಕ ಸ್ವೈನುಂಗ್‌ಗೆ ತಾನೇ ಫೋನ್ ಮಾಡಿದಳು.

"ಏನ್ ರಾಗ್ನಿ, ಈ ಸಲ ಯಾರ ಮನೆ ಪೈಪು?" ಎಂದು ಅವನು ನಕ್ಕ. ಹೊಳೆ ತಣ್ಣಗೆ ಹರಿಯುತ್ತಿದೆ, ಮಕ್ಕಳು ದೋಣಿ ಆಡುತ್ತಿದ್ದಾರೆ ಎಂದ.

"ನಾಳೆ ಎಷ್ಟು ಬೇಕಾದ್ರೂ ಆಡ್ಕೊಳ್ಳಿ. ಈಗ ಎಲ್ರನ್ನೂ ಚರ್ಚಿನ ದಿಬ್ಬ ಹತ್ತಿಸಿ. ಸಾಮಾನು ಮುಟ್ಟೋದು ಬೇಡ."

ಅವಳ ದನಿಯಲ್ಲಿ ಏನು ಕೇಳಿಸಿತೋ, ಅವನು ಮತ್ತೆ ನಗಲಿಲ್ಲ.

ಮುಂದಿನ ನಲವತ್ತು ನಿಮಿಷ ರಾಗ್ನಿ ಕೂರಲಿಲ್ಲ. ಮುದುಕಿಯದು ತಪ್ಪು ಅಂಕಿಯಾಗಿರಲಿ, ಊರು ಇನ್ನೊಮ್ಮೆ ನಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಕೊನೆಗೆ ಸ್ವೈನುಂಗ್ ಫೋನ್ ಮಾಡಿದ. ಎರಡು ಸಲ ಎಣಿಸಿದ್ದೇನೆ, ಅರವತ್ತೂ ಜನ ದಿಬ್ಬದ ಮೇಲಿದ್ದಾರೆ ಎಂದ. ಕೊನೆಯವರು ಹತ್ತುವಾಗ ನೀರು ಮೊಣಕಾಲಿಗೆ ಬಂದಿತ್ತಂತೆ. ಹನ್ನೊಂದು ಕ್ಯಾರವಾನ್ ಗಾಡಿಮನೆಗಳು ಕೊಚ್ಚಿಕೊಂಡು ಹೋಗಿ ಸೇತುವೆಗೆ ಸಿಕ್ಕಿಕೊಂಡಿದ್ದವು.

ರಾಗ್ನಿ ಗುನ್‌ವೋರ್‌ಗೆ ಸುದ್ದಿ ಮುಟ್ಟಿಸಿ, ಮೇ ತಿಂಗಳ ಮಾತಿಗೆ ಕ್ಷಮೆ ಕೇಳಿದಳು. ಮುದುಕಿ ಕೇಳಿದ್ದು ಬೇರೆಯೇ.

"ಹಾಗಾದ್ರೆ ಮುಂದಿನ ಸಲ ಮೊದ್ಲು ಅಳೀಲಾ, ಮೊದ್ಲು ಫೋನ್ ಮಾಡ್ಲಾ?"

"ಮೊದ್ಲು ಫೋನ್ ಮಾಡಿ. ಪೈಪಿನ ನೀರಾದ್ರೂ ಸರಿ."

ಮುಂದಿನ ಸಲ ಎಂಬುದನ್ನು ಮುದುಕಿ ಎಷ್ಟು ಸಲೀಸಾಗಿ ಆಡಿದಳು! ರಾಗ್ನಿ ಪರದೆಯ ಮುಂದೆ ಕುಳಿತು ಕೆಂಪು ಗುರುತನ್ನು ಅಳಿಸಿ, ಅಂಕಿಯನ್ನು ದಾಖಲೆಗೆ ಸೇರಿಸಿದಳು. ಇನ್ನು ಆ ಕಣಿವೆಯಲ್ಲಿ ಎಪ್ಪತ್ತೊಂದು ಬಂದರೆ ಕಂಪ್ಯೂಟರು ನಂಬುತ್ತದೆ.