ಅಪ್ಪನ ಕೆಂಪು ಪೆನ್ಸಿಲ್

ಆ ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಗುವ ಮುನ್ನ ರೋಗಿ ತನ್ನ ವರದಿಯನ್ನು ತನಗೆ ಓದಲು ಬರುವ ಭಾಷೆಯಲ್ಲೇ ಓದಿ ಸಹಿ ಹಾಕಬೇಕು. ಇಂಗ್ಲಿಷ್ ವರದಿಗಳನ್ನು ಅರಬ್ಬಿಗೆ ತರುವವಳು ಅಲ್ಲಿ ಒಬ್ಬಳೇ. ಹನ್ನೆರಡು ವರ್ಷದಲ್ಲಿ ಅವಳು ಒಂದೇ ವರದಿಯನ್ನು ಮತ್ತೆ ಮತ್ತೆ ಓದಿದ್ದು ಇದೇ ಮೊದಲು. ಈ ಸಲದ ರೋಗಿ ಅರಬ್ಬಿ ಮಾತ್ರ ಓದಬಲ್ಲ ಅವಳ ಅಪ್ಪ.

ಅಮ್ಮ ಬೆಳಿಗ್ಗೆಯೇ ಆಣೆ ಹಾಕಿಸಿಕೊಂಡಿದ್ದಳು. "ಕ್ಯಾನ್ಸರ್ ಅಂತ ಬರೀಬೇಡ ಕಣೇ. ಅವರ ಎದೆ ಒಡೆದುಹೋಗತ್ತೆ. ಗಂಟು ಅಂತ ಬರಿ."

"ಸುಳ್ಳು ಬರೆದು ಅದರ ಕೆಳಗೆ ನನ್ನ ಮೊಹರು ಒತ್ತಲಾ ಅಮ್ಮ?"

"ಮೊಹರು ದೊಡ್ಡದೋ, ಅಪ್ಪ ದೊಡ್ಡೋರೋ?"

ಬಾಯಿಗೆ ಬಿದ್ದ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕಡೆಗೆ ಗಂಟು ಅಂತಲೇ ಬರೆದಳು. ಔಷಧಿಗಳ ಹೆಸರನ್ನು ಮಾತ್ರ ಎಂದಿನ ರೂಢಿಯಂತೆ, ಉಚ್ಚಾರ ಕೆಡದ ಹಾಗೆ ಅರಬ್ಬಿ ಅಕ್ಷರಕ್ಕೆ ಇಳಿಸಿದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂದುಕೊಂಡಳು, ಪೆದ್ದಿ.

ಅಪ್ಪ ಅಂದರೆ ಯಾರು? ಅರಬ್ಬಿ ಅಚ್ಚುಕೂಟದಲ್ಲಿ ಮೂವತ್ತು ವರ್ಷ ಕರಡು ತಿದ್ದಿದವರು. ನಿವೃತ್ತರಾದ ಮೇಲೆ ಮಗಳ ವೈದ್ಯಕೀಯ ಪದಪಟ್ಟಿಗಳನ್ನು ಊಟದ ಮೇಜಿನ ತುಂಬ ಹರಡಿಕೊಂಡು ತಿದ್ದಿಕೊಟ್ಟವರೂ ಅವರೇ. ಯಾವ ಔಷಧಿ ಯಾವ ಕಾಯಿಲೆಯ ಪಕ್ಕ ಬರುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಗಡಿಬಿಡಿಯಲ್ಲಿ ಅವಳಿಗೆ ಅದೇ ಮರೆತುಹೋಗಿತ್ತು.

ವಾರ್ಡಿನ ಮಂಚದ ಮೇಲೆ ಕೂತು ಅಪ್ಪ ವರದಿ ಓದಿದರು. ಔಷಧಿಗಳ ಸಾಲಿಗೆ ಬಂದಾಗ ಅವರ ಕಣ್ಣು ಅಲ್ಲೇ ನಿಂತಿತು. ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು, ಮೇಲಿನ ಸಾಲಿನ 'ಗಂಟ'ನ್ನು ಹೊಡೆದುಹಾಕಿ, ಅಂಚಿನಲ್ಲಿ ಸರಿಯಾದ ಪದ ಬರೆದರು.

"ಇಷ್ಟು ವರ್ಷ ತಿದ್ದಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ ಮಗಳೇ," ಅಂದರು. "ಸರಿಯಾಗಿ ಬರೆದು ತಾ. ಸಹಿ ಹಾಕ್ತೀನಿ."

ಅವಳಿಗೆ ಅಳು ಉಕ್ಕಿ ಬಂತು. ನಾಚಿಕೆಯೂ ಆಯಿತು, ಎದೆಯ ಮೇಲಿನ ಭಾರ ಇಳಿದಂತೆಯೂ ಆಯಿತು. ಹೊರಡಲು ಎದ್ದವಳ ಕೈಯನ್ನು ಅಪ್ಪ ಹಿಡಿದುಕೊಂಡರು.

"ನಂಗೆ ಗೊತ್ತಾಗಿದೆ ಅಂತ ನಿಮ್ಮಮ್ಮಂಗೆ ಹೇಳ್ಬೇಡ. ಅವಳು ತಡ್ಕೊಳ್ಳಲ್ಲ. ನನ್ನಾಣೆ."

ಬಾಗಿಲಾಚೆ ಅಮ್ಮ ಸೆರಗು ಹಿಂಡುತ್ತ ನಿಂತಿದ್ದಳು. "ಏನಂದ್ರು? ಗೊತ್ತಾಗ್ಲಿಲ್ಲ ತಾನೆ?"

ಮಗಳು ಕೆಂಪು ಗೀಟಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ತುರುಕಿದಳು.

"ಇಲ್ಲಮ್ಮ. ಗಂಟು ಅಂತಲೇ ಓದಿದ್ರು."