ಮಾತು ಒಯ್ಯುವ ಹುಡುಗಿ

ಸಂಪಗಾಂವದ ನಿಜಗುಣಪ್ಪನ ಮನೆಯಲ್ಲಿ ಸೊಸೆ ಮಾವನೊಂದಿಗೆ ಮಾತಾಡುವುದಿಲ್ಲ. ಸೆರಗು ಹೊದ್ದು ಬಾಗಿಲ ಹಿಂದೆ ನಿಲ್ಲುತ್ತಾಳೆ, ಹೇಳಬೇಕಾದ್ದನ್ನು ಇನ್ನೊಬ್ಬರ ಬಾಯಿಂದ ಹೇಳಿಸುತ್ತಾಳೆ. ಇದಕ್ಕೆ ಅವರು ಮರ್ಯಾದೆ ಅನ್ನುತ್ತಾರೆ. ಅನ್ನಲಿ. ಮನೆಯಲ್ಲಿ ಎಲ್ಲರ ಕೈಗೂ ಮೊಬೈಲಿದೆ, ಗೋಡೆಯಗಲದ ಟಿ.ವಿ. ಇದೆ, ಅಂಗಳದಲ್ಲಿ ಕಾರಿದೆ. ಈ ಪದ್ಧತಿ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ.

ಅತ್ತೆ ತಂಗೆವ್ವ ಇರುವ ತನಕ ಸೊಸೆ ಅನ್ನಪೂರ್ಣಾಳ ಮಾತು ಅವಳ ಮೂಲಕ ಹೋಗುತ್ತಿತ್ತು. ತಂಗೆವ್ವ ತೀರಿಕೊಂಡ ಮೇಲೆ ಆ ಕೆಲಸ ಮೊಮ್ಮಗಳು ಶೀತಲ್‌ಳ ತಲೆಗೆ ಬಂತು. ಆಗ ಅವಳಿಗೆ ಐದು ವರ್ಷ. ‘ಅಜ್ಜಗ ಹೇಳು, ಊಟಕ್ಕ ಆಗೇತಿ ಅಂತ.’ ‘ನಿಮ್ಮವ್ವಗ ಹೇಳು, ಪಲ್ಯಾ ಉಪ್ಪಾಗೇತಿ ಅಂತ.’ ಕೂಸು ಪಡಸಾಲೆಗೂ ಅಡುಗೆಮನೆಗೂ ಓಡಾಡುತ್ತ ಮುದ್ದಾಗಿ ಒಪ್ಪಿಸುತ್ತಿತ್ತು. ಬಂದವರು ಗಲ್ಲ ಹಿಂಡಿ ನಗುತ್ತಿದ್ದರು. ಉಪ್ಪಿನ ಮಾತು ಬರಬರುತ್ತ ತವರಿಗೆ ಏರಿತು. ‘ನಿಮ್ಮವ್ವಗ ಹೇಳು, ತವರಾಗ ಏನೂ ಕಲಿಸಿಲ್ಲ ಅಂತ.’ ಅದನ್ನೂ ಶೀತಲ್ ಒಯ್ದಳು. ಅವ್ವ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುವುದನ್ನು ನಿಂತು ನೋಡಿದಳು. ಆ ಕಣ್ಣೀರು ತಾನೇ ತಂದದ್ದೆಂದು ಹುಡುಗಿ ತಿಳಿದಿರಬೇಕು. ಅಲ್ಲವೆಂದು ಯಾರೂ ಹೇಳಲಿಲ್ಲ.

ಒಂಬತ್ತು ತುಂಬಿದ ಮೇಲೆ ಅವಳು ತಿರುಗಿಬಿದ್ದಳು. ‘ನೀನ ಹೋಗಿ ಹೇಳು’ ಅಂದಳು. ಅಜ್ಜ ಕರೆದರೆ ಬರಲಿಲ್ಲ. ಬೀಗರ ಕಾಲಿಗೆ ಬೀಳು ಅಂದರೆ ಕೈಯಲ್ಲಿದ್ದ ತಾಟು ಬೀಸಿ ಒಗೆದಳು. ನಿಜಗುಣಪ್ಪ ಹೊಡೆದ. ತಾಯಿತ ಕಟ್ಟಿಸಿದ. ಅದನ್ನು ಹರಿದು ಬಚ್ಚಲಿಗೆ ಎಸೆದಳು.

‘ಗಿಡಾಗಿ ಬಗ್ಗದ್ದು ಮರಾಗಿ ಬಗ್ಗೀತೇನು? ಸವದತ್ತಿ ಹಾಸ್ಟೆಲ್ಲಿಗೆ ಹಾಕೂಣು’ ಎಂದ.

ಅನ್ನಪೂರ್ಣಾಳ ಎದೆ ಒಡೆಯಿತು. ಆ ಮನೆಯಲ್ಲಿ ತನ್ನದು ಅಂತ ಅವಳಿಗಿದ್ದದ್ದು ಮಗಳೊಬ್ಬಳೇ. ಧಾರವಾಡದಲ್ಲಿ ಮಕ್ಕಳ ಮನಸ್ಸಿನ ಡಾಕ್ಟರಿದ್ದಾರಂತೆ, ಒಮ್ಮೆ ತೋರಿಸೋಣ ಎಂದು ಗಂಡ ಕಲ್ಮೇಶನಿಗೆ ಗೋಗರೆದಳು. ಕಲ್ಮೇಶ ಅಪ್ಪನನ್ನು ಕೇಳಿದ. ಅವನು ಕಾರಿಗೆ ಡೀಸೆಲ್ ಹಾಕಿಸುವುದಕ್ಕೂ ಅಪ್ಪನನ್ನು ಕೇಳುವ ಕೋಲೆಬಸವ.

‘ಆತು, ತೋರಸೂಣು. ನಾನೂ ಬರತೇನಿ’ ಎಂದ ನಿಜಗುಣಪ್ಪ. ಹುಚ್ಚರ ಡಾಕ್ಟರ ಕಡೆ ಹೋದರೆಂದು ಊರು ಆಡಿಕೊಳ್ಳಬಾರದಲ್ಲ. ಹುಡುಗಿಯ ಹಲ್ಲು ತೋರಿಸಿ ಬರುತ್ತೇವೆಂದು ಬಾಜೂಮನೆ ಬೀರವ್ವನಿಗೆ ಹೇಳಿ ಹೊರಟರು.

ಡಾಕ್ಟರಮ್ಮನ ಎದುರು ನಿಜಗುಣಪ್ಪ ನಡುವಿನ ಕುರ್ಚಿ ಹಿಡಿದು ಕೂತ. ಕೇಳಿದ್ದಕ್ಕೆಲ್ಲ ಅವನದೇ ಉತ್ತರ. ತಾಯಿಯ ಸಲಿಗೆಯಿಂದ ಹುಡುಗಿ ಕೆಟ್ಟಿದ್ದಾಳೆ ಎಂದ. ಡಾಕ್ಟರಮ್ಮ ಕೇಳಿ ಕೇಳಿ, ಗೋಡೆಗೆ ಅಂಟಿ ನಿಂತಿದ್ದ ಅನ್ನಪೂರ್ಣಾಳ ಕಡೆ ತಿರುಗಿದಳು.

‘ತಾಯಿ ನೀವು ಹೇಳ್ರಿ. ಹುಡುಗಿ ಯಾವಾಗ ಸಿಟ್ಟಿಗೇಳ್ತಾಳ?’

ಅನ್ನಪೂರ್ಣಾಳಿಗೆ ಉತ್ತರ ಗೊತ್ತಿತ್ತು. ಒಲೆಯ ಮುಂದೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ ಉತ್ತರ ಅದು. ಆದರೆ ಮಾವ ಅಲ್ಲೇ ಕೂತಿದ್ದ. ಸೆರಗು ಮುಂದೆಳೆದುಕೊಂಡು ಬಗ್ಗಿದಳು, ಮಗಳ ಕಿವಿಯಲ್ಲಿ ಅಂದಳು: ‘ಡಾಕ್ಟರಿಗೆ ಹೇಳವಾ, ಮಾತ ಒಯ್ಯಾಕ ಹಚ್ಚಿದಾಗ ಅಂತ.’

ಶೀತಲ್ ಮೇಜಿನ ಮೇಲಿದ್ದ ಪೆನ್ನಿನ ಡಬ್ಬಿ ತೆಗೆದು ಗೋಡೆಗೆ ಬೀಸಿದಳು.

‘ನೋಡಿದ್ರಿಲ್ಲೋ?’ ಎಂದ ನಿಜಗುಣಪ್ಪ, ಗೆದ್ದವನ ದನಿಯಲ್ಲಿ.

‘ನೋಡಿದೆ’ ಅಂದಳು ಡಾಕ್ಟರಮ್ಮ. ತಾಯಿಯ ಪಿಸುಮಾತು ಅವಳ ಕಿವಿಗೂ ಬಿದ್ದಿತ್ತು. ‘ಇಕಿಗೆ ಗುಳಿಗಿ ಬ್ಯಾಡ್ರಿ. ದೊಡ್ಡವರು ನೀವು ಒಬ್ಬರಿಗೊಬ್ಬರು ಮಾತಾಡ್ರಿ. ಇಕಿ ಕೈಲೆ ಹೇಳಿ ಕಳಸೂದು ಇವತ್ತಿಂದ ಬಿಡ್ರಿ. ಮುಂದಿನ ವಾರ ತಂದಿ, ತಾಯಿ, ಮಗಳು ಬರ್ರಿ, ಸಾಕು.’

ಮನೆಗೆ ಬಂದು ಪಡಸಾಲೆಯಲ್ಲಿ ಕೂತ ಮೇಲೆ ನಿಜಗುಣಪ್ಪ ಬಾಯಿ ಬಿಟ್ಟ.

‘ಸೊಸಿ ಮಾವನ ಜೋಡಿ ವಾದಾ ಮಾಡೂದು ಕಲಿಯಾಕ ನಾವು ಧಾರವಾಡಕ್ಕ ಹೋಗಬೇಕಾತು. ಸೋಮವಾರ ಹುಡುಗೀನ ಹಾಸ್ಟೆಲ್ಲಿಗೆ ಬಿಟ್ಟ ಬರೂದು.’

ಕಲ್ಮೇಶ ಮೊಬೈಲು ನೋಡತೊಡಗಿದ.

ಬಾಗಿಲ ಹಿಂದೆ ಅನ್ನಪೂರ್ಣಾ ನಿಂತಿದ್ದಳು. ಹೊಸ್ತಿಲು ದಾಟಿ ‘ಬ್ಯಾಡ್ರಿ ಮಾವಾ’ ಅಂದರೆ ಸಾಕಿತ್ತು. ಹಾಳು ನಾಲಿಗೆ ಏಳಲಿಲ್ಲ. ಬಹುಕಾಲ ಕಟ್ಟಿದ ದನ ಹಗ್ಗ ಬಿಚ್ಚಿದರೂ ಮೇವಿನ ಗ್ವಾದಲಿ ಬಿಟ್ಟು ಕದಲುವುದಿಲ್ಲ. ಮಗಳನ್ನು ಹತ್ತಿರ ಎಳೆದುಕೊಂಡಳು.

‘ಶೀತಲ್, ಅಜ್ಜಗ ಹೇಳವಾ, ಹಾಸ್ಟೆಲ್ ಬ್ಯಾಡ ಅಂತ.’

ಹುಡುಗಿ ಅವ್ವನ ಮುಖ ನೋಡಿದಳು. ಈ ಸಲ ಏನನ್ನೂ ಒಗೆಯಲಿಲ್ಲ. ಪಡಸಾಲೆಗೆ ಹೋದಳು.

‘ಅಜ್ಜಾ, ಅವ್ವ ಹಾಸ್ಟೆಲ್ ಬ್ಯಾಡ ಅಂತಾಳ.’

‘ನಿಮ್ಮವ್ವಗ ಹೇಳು, ನಕ್ಕಿ ಆಗೇತಿ, ಇನ್ನ ಬದಲಾಗೂದಿಲ್ಲ ಅಂತ.’ ನಿಜಗುಣಪ್ಪನ ಮುಖ ಅರಳಿತ್ತು. ‘ನೋಡೋ ಕಲ್ಮೇಶಾ, ಹಾಸ್ಟೆಲ್ ಹೆಸರ ತಗದಕೂಡ್ಲೆ ಎಷ್ಟ ಶಾಣ್ಯಾಕಿ ಆದ್ಲು.’

ಶೀತಲ್ ಹೊಳ್ಳಿ ಬಂದಳು. ‘ನಕ್ಕಿ ಆಗೇತಂತ’ ಅಂದಳು. ಆಮೇಲೆ, ಇಷ್ಟು ವರ್ಷ ಬೇರೆಯವರ ಮಾತು ಹೊತ್ತವಳು, ತನ್ನದೊಂದು ಸೇರಿಸಿದಳು: ‘ಇನ್ನ ಮುಂದ ಯಾರ ಕೈಲೆ ಹೇಳಸ್ತಿ?’



ಸೋಮವಾರ ಕಾರು ಹೋಯಿತು, ಶೀತಲ್ ಇಲ್ಲದೆ ಬಂತು. ಅಪ್ಪನನ್ನು ಇಳಿಸಿ ಕಲ್ಮೇಶ ಹಾಗೇ ಬೈಲಹೊಂಗಲದ ಕಡೆ ಹೊರಟುಹೋದ. ಅನ್ನಪೂರ್ಣಾ ರೊಟ್ಟಿ ಬಡಿದು ತಾಟಿಗೆ ಹಾಕಿದಳು. ಪಡಸಾಲೆಯಲ್ಲಿ ಮಾವ ಕೆಮ್ಮಿದ. ಹಸಿದಿದ್ದಾನೆ ಎಂದರ್ಥ.

‘ಅಜ್ಜಗ ಹೇಳು’ ಎಂದು ತಿರುಗಿದಳು. ಯಾರೂ ಇರಲಿಲ್ಲ.

ಮಾವ ಮತ್ತೆ ಕೆಮ್ಮಿದ. ಅವನೂ ಕರೆಯಲಿಲ್ಲ, ಅವಳೂ ಕರೆಯಲಿಲ್ಲ. ತಾಟಿನಲ್ಲಿ ರೊಟ್ಟಿ ಆರಿತು.