ಮೋಟು ಸ್ಟೂಲು

"ಹಾಗಾದ್ರೆ ಆಗಲೇ ಯಾಕೆ ಹೇಳ್ಲಿಲ್ಲ, ಮರಿ?"

ತರಬೇತಿಗೆ ಬಂದಿದ್ದ ನಿವೃತ್ತ ಹೆಡ್‌ಮಾಸ್ತರರು ಮೂರನೆಯ ಸಲವೂ ಅದನ್ನೇ ಕೇಳಿದರು. ಮೋಟು ಸ್ಟೂಲಿನ ಮೇಲೆ ಒಂಬತ್ತು ವರ್ಷದ ಹುಡುಗಿಯ ಪಾತ್ರದಲ್ಲಿ ಕೂತಿದ್ದ ತರಬೇತುದಾರಳಿಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ಏಟು ತಿಂದ ಮಕ್ಕಳ ಜೊತೆ ಹೇಗೆ ಮಾತಾಡಬೇಕೆಂದು ಆಪ್ತಸಮಾಲೋಚಕರಿಗೆ ಕಲಿಸುವುದೇ ಹದಿನಾಲ್ಕು ವರ್ಷದಿಂದ ಅವಳ ಕೆಲಸ. ಕಲಿಯುವವರು ಬೆನ್ನ ಹಿಂದೆ ಅವಳನ್ನು ಬೆಂಕಿಪೊಟ್ಟಣ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಕೇಳಬಾರದ ಪ್ರಶ್ನೆಗಳ ಪಟ್ಟಿ ಗೋಡೆಯ ಮೇಲೇ ಇತ್ತು, ಮೊದಲನೆಯದೇ ಇದು.

"ಹೀಗೆ ಕೇಳಿದ್ರೆ ಮಗು ತಪ್ಪು ತನ್ನದೇ ಅನ್ಕೊಳ್ಳುತ್ತೆ. ಎಷ್ಟು ಸಲ ಬಡ್ಕೊಳ್ಲಿ ನಾನು? ನಾನಿವತ್ತು ನಿಮ್ಮ ಸರ್ಟಿಫಿಕೇಟಿಗೆ ರುಜು ಹಾಕಿದ್ರೆ ಸೋಮವಾರ ನಿಮ್ಮೆದುರು ನಿಜವಾದ ಮಕ್ಕಳು ಕೂರ್ತಾರೆ ಸಾರ್."

"ಕೋಪ ಮಾಡ್ಕೋಬೇಡಿ ಮೇಡಂ. ನಮ್ಮಪ್ಪನೂ ಬೆಲ್ಟಲ್ಲಿ ಬಾರಿಸ್ತಿದ್ರು. ನಾವೇನು ಹಾಳಾಗಿಹೋದ್ವಾ?" ಎಂದು ಅವರು ಉಳಿದವರ ಕಡೆ ನೋಡಿ ನಕ್ಕರು. ಇಬ್ಬರು ಮೂವರು ಜೊತೆಗೆ ನಕ್ಕುಬಿಟ್ಟರು.

ಅವಳಿಗೆ ಪಿತ್ತ ನೆತ್ತಿಗೇರಿತು. ಎದ್ದು ಸ್ಟೂಲನ್ನು ಕಾಲಿನಿಂದ ಅವರತ್ತ ತಳ್ಳಿದಳು.

"ಈಗ ನೀವು ಕೂತ್ಕೊಳ್ಳಿ."

ಅರವತ್ತೆರಡರ ಹೆಡ್‌ಮಾಸ್ತರರು ಮೊಣಕಾಲು ಎದೆಗೆ ತಾಗುವಂತೆ ಕೂತರು. ನಗು ಇನ್ನೂ ಮುಖದ ಮೇಲಿತ್ತು.

"ಎಷ್ಟು ವಯಸ್ಸು ಆಗ?"

"ಎಂಟೋ ಒಂಬತ್ತೋ."

"ಅಮ್ಮಂಗೆ ಯಾಕೆ ಹೇಳ್ಲಿಲ್ಲ?" ಅವಳು ಬೇಕೆಂದೇ ಚುಚ್ಚಿದಳು. "ಬಾಯಿರ್ಲಿಲ್ವಾ?"

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

"ಅಮ್ಮ ಅಲ್ಲೇ ಇರ್ತಿದ್ಳು. ಕಿಟಕಿ ಮುಚ್ಚೋಳು. ಪಕ್ಕದ್ಮನೆಯವ್ರಿಗೆ ಕೇಳಿಸ್ಬಾರ್ದು ಅಂತ."

ಈಗ ಯಾರೂ ನಗಲಿಲ್ಲ. ಅವಳ ಸಿಟ್ಟೇನೂ ಇಳಿಯಲಿಲ್ಲ. ಆ ಬೆಲ್ಟಿನ ಮೇಲೆ ಸಿಟ್ಟು, ಕಿಟಕಿ ಮುಚ್ಚಿದ ಕೈಯ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಹಾಳು ನಾಲಗೆಯ ಮೇಲೆ ಸಿಟ್ಟು. ಕೇಳಬೇಡಿ ಎಂದು ಊರಿಗೆಲ್ಲ ಹೇಳಿಕೊಟ್ಟು ತಾನೇ ಕೇಳಿದ್ದಳು, ಅದೂ ನೋಯಿಸಲೆಂದು. ಅಂಕಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ತಪ್ಪಿಗೊಂದರಂತೆ ಮೂರು ಗೀಟುಗಳಿದ್ದವು. ಕೆಳಗೆ ತನ್ನ ಹೆಸರು ಬರೆದು ಒಂದು ಗೀಟು ಎಳೆದಳು.

"ತಪ್ಪಾಯ್ತು ಸಾರ್. ನಾನು ಹಾಗೆ ಕೇಳಬಾರದಿತ್ತು."

"ಸೋಮವಾರ..." ಎಂದರು ಅವರು.

"ಸೋಮವಾರ ಬೇಡ, ರುಜು ಹಾಕಲ್ಲ. ಬುಧವಾರ ಇಲ್ಲಿಗೇ ಬನ್ನಿ. ಇಬ್ರೂ ಮೊದಲಿಂದ ಮಾಡೋಣ."

ಅವರು ತಲೆಯಾಡಿಸಿದರು. ಸ್ಟೂಲಿನಿಂದ ಏಳಲಿಲ್ಲ, ಭುಜ ಅದುರುತ್ತಿತ್ತು. ಕಲಿಯುತ್ತಿದ್ದವರಲ್ಲಿ ಒಬ್ಬಳು ನರ್ಸು. ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದೆಂದು ಮೊದಲ ದಿನವೇ ಕಲಿತಂತೆ, ಅವಳು ಸದ್ದಿಲ್ಲದೆ ಎದ್ದು ಹೋಗಿ ಕಿಟಕಿಗೆ ಕೈಹಾಕಿದಳು.

"ತೆಗ್ದಿರ್ಲಿ ಬಿಡಮ್ಮ," ಎಂದರು ಹೆಡ್‌ಮಾಸ್ತರರು, ತಲೆಯೆತ್ತದೆ.

ನರ್ಸಿನ ಕೈ ಚಿಲಕದ ಮೇಲೇ ನಿಂತಿತು.